ಸರ್ಕಾರದ ಹಣ, ನಮ್ಮೂರ ಬಸ್ಸು: ಬೆಳಗಾವಿ, ಬಾಗಲಕೋಟೆ, ವಿಜಯಪುರದವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಜೆಟ್ ದಿನ ಪತ್ರಿಕೆಯಲ್ಲಿ ಸಾವಿರಾರು ಕೋಟಿಯ ಲೆಕ್ಕ ಬರುತ್ತದೆ. ಮರುದಿನ ಊರಿನ ಬಸ್ಸು ಹಿಂದಿನಂತೆಯೇ ಅರ್ಧ ತಾಸು ತಡವಾಗಿ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಇವೆರಡರ ನಡುವೆ ಏನೇನು ನಡೆಯುತ್ತದೆ ಎಂಬುದರ ಬಗೆಗಿನ ಪ್ರಶ್ನೆಗಳಿವು.

ನಮ್ಮ ಬಸ್ಸು ಸರ್ಕಾರದ್ದೋ, ನಿಗಮದ್ದೋ?

ನಿಗಮದ್ದು. ನಿಗಮ ಮಾತ್ರ ಸರ್ಕಾರದ್ದು. 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯಡಿ ರಾಜ್ಯದಲ್ಲಿ ನಾಲ್ಕು ನಿಗಮಗಳಿವೆ. ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳು ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ವಾಯವ್ಯ ಸಾರಿಗೆಗೆ ಸೇರಿವೆ. ವಿಜಯಪುರ ಜಿಲ್ಲೆ ಕಲಬುರಗಿ ಕೇಂದ್ರದ ಕಲ್ಯಾಣ ಕರ್ನಾಟಕ ಸಾರಿಗೆಗೆ ಸೇರಿದೆ.

ಕಾಯ್ದೆಯ 22ನೇ ಕಲಂ ನಿಗಮವು ವ್ಯವಹಾರದ ತತ್ವದ ಮೇಲೆ ನಡೆಯಬೇಕು ಎನ್ನುತ್ತದೆ. 34ನೇ ಕಲಂ ಸರ್ಕಾರಕ್ಕೆ ನಿರ್ದೇಶನ ಕೊಡುವ ಅಧಿಕಾರ ಕೊಡುತ್ತದೆ. ಎಲ್ಲ ತಕರಾರಿನ ಬುಡ ಇಲ್ಲಿದೆ: ಅಂಗಡಿಯ ಲೆಕ್ಕ ಅಂಗಡಿಯಂತೆ ಇಡಬೇಕು, ಆದರೆ ದರ ನಿಗದಿಗೂ ಹೊಸ ರಿಯಾಯಿತಿಗೂ ಮೇಲಿನವರ ಮಾತೇ ಅಂತಿಮ.

ನಮ್ಮ ಜಿಲ್ಲೆ ಬೆಳಗಾವಿ, ಆದರೆ ಡಿಪೊದವರು ಧಾರವಾಡಕ್ಕೆ ಹೋಗಿ ಎನ್ನುತ್ತಾರೆ. ಯಾಕೆ?

ಸಾರಿಗೆ ವಿಭಾಗದ ಗಡಿಯೂ ಕಂದಾಯ ಜಿಲ್ಲೆಯ ಗಡಿಯೂ ಒಂದೇ ಅಲ್ಲ. ಸವದತ್ತಿ, ರಾಮದುರ್ಗ ಘಟಕಗಳು, ಅಂದರೆ ಡಿಪೊಗಳು, ಧಾರವಾಡ ವಿಭಾಗದಲ್ಲಿವೆ. ಅಥಣಿ, ಗೋಕಾಕ, ರಾಯಬಾಗ, ನಿಪ್ಪಾಣಿ ಕಡೆಯವು ಚಿಕ್ಕೋಡಿ ವಿಭಾಗದಲ್ಲಿವೆ. ಮನವಿಯನ್ನು ತಪ್ಪು ವಿಭಾಗಕ್ಕೆ ಕೊಟ್ಟರೆ ಅದು ಒಂದು ಕಚೇರಿಯಿಂದ ಇನ್ನೊಂದಕ್ಕೆ ತಿರುಗುವಷ್ಟರಲ್ಲಿ ಶಾಲೆಯ ವರ್ಷವೇ ಮುಗಿದಿರುತ್ತದೆ. ಮೊದಲು ನಿಮ್ಮೂರಿಗೆ ಬರುವ ಬಸ್ಸಿನ ಮೇಲೆ ಬರೆದ ಘಟಕದ ಹೆಸರು ನೋಡಿಕೊಳ್ಳಿ.

ವಿಜಯಪುರದ ಬಸ್ಸುಗಳು ಕಲ್ಯಾಣ ಸಾರಿಗೆಯವು. ಹಾಗಾದರೆ ಕಲ್ಯಾಣ ಕರ್ನಾಟಕ ಮಂಡಳಿಯ ಹಣ ನಮಗೂ ಬರಬೇಕಲ್ಲ?

ಬರುವುದಿಲ್ಲ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿಯ ಪ್ರದೇಶದಲ್ಲಿ ವಿಜಯಪುರ ಇಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳಿಗೆ ಮೀಸಲು. ಮಂಡಳಿಯ ಹಣದಲ್ಲಿ ಆ ಜಿಲ್ಲೆಗಳಿಗೆಂದು ಬಸ್ಸು ಕೊಂಡರೆ ಇಂಡಿ, ಸಿಂದಗಿ, ಮುದ್ದೇಬಿಹಾಳದವರು ಅದರಲ್ಲಿ ಪಾಲು ಕೇಳುವಂತಿಲ್ಲ. ವಿಜಯಪುರ ವಿಭಾಗಕ್ಕೆ ಬರುವುದು ನಿಗಮದ ಸ್ವಂತ ಹಣ ಮತ್ತು ರಾಜ್ಯ ಬಜೆಟ್‌ನ ಸಾಮಾನ್ಯ ಹಂಚಿಕೆ, ಅಷ್ಟೇ. ಜನಪ್ರತಿನಿಧಿಗಳಿಗೆ ಕೊಡುವ ಮನವಿಯಲ್ಲಿ ಈ ವ್ಯತ್ಯಾಸ ಬರೆದಿದ್ದರೆ ‘ಮಂಡಳಿಯಿಂದ ತರಿಸೋಣ’ ಎಂಬ ಸುಲಭದ ಉತ್ತರಕ್ಕೆ ಜಾಗ ಇರುವುದಿಲ್ಲ.

ಸರ್ಕಾರದ ಹಣ ಯಾವ ಯಾವ ರೂಪದಲ್ಲಿ ನಿಗಮಕ್ಕೆ ಸೇರುತ್ತದೆ?

ದೊಡ್ಡದು ಶಕ್ತಿ ಯೋಜನೆಯ, ಅಂದರೆ ಮಹಿಳೆಯರ ಉಚಿತ ಪ್ರಯಾಣದ, ಮರುಪಾವತಿ. ಅದರ ನಂತರ ವಿದ್ಯಾರ್ಥಿ ಪಾಸು ಮತ್ತಿತರ ರಿಯಾಯಿತಿಗಳ ಸಹಾಯಧನ. ಮೂರನೆಯದು ಬಸ್ಸು ಖರೀದಿ, ಘಟಕ, ನಿಲ್ದಾಣಗಳಿಗೆ ಬಂಡವಾಳ ನೆರವು. ಕೈಗೆ ಹಣ ಬರದೆಯೂ ನೆರವಾಗುವ ದಾರಿ ಎರಡಿವೆ: ಮೋಟಾರು ವಾಹನ ತೆರಿಗೆಯ ವಿನಾಯಿತಿ, ಮತ್ತು ಬ್ಯಾಂಕ್ ಸಾಲಕ್ಕೆ ಸರ್ಕಾರದ ಖಾತರಿ.

ಇವನ್ನೆಲ್ಲ ಒಟ್ಟು ಸೇರಿಸಿ ‘ಸರ್ಕಾರ ಇಷ್ಟು ಕೋಟಿ ಕೊಟ್ಟಿತು’ ಎಂದು ಹೇಳುವುದು ಲೆಕ್ಕವಲ್ಲ, ಭಾಷಣ. ಶಕ್ತಿಯ ಹಣದಿಂದ ಹೊಸ ಬಸ್ಸು ಬರುವುದಿಲ್ಲ. ಬಸ್ಸು ಖರೀದಿಗೆ ಬಂದ ಹಣದಲ್ಲಿ ಡೀಸೆಲ್ ಹಾಕಿಸುವಂತಿಲ್ಲ.

ಶಕ್ತಿ ಯೋಜನೆಯ ಹಣವನ್ನು ಹೇಗೆ ಲೆಕ್ಕ ಹಾಕುತ್ತಾರೆ?

2023ರ ಜೂನ್ 11ರಿಂದ ರಾಜ್ಯದ ಮಹಿಳೆಯರಿಗೆ ಮತ್ತು ಲಿಂಗತ್ವ ಅಲ್ಪಸಂಖ್ಯಾತರಿಗೆ ನಗರ, ಸಾಮಾನ್ಯ, ವೇಗದೂತ ಬಸ್ಸುಗಳಲ್ಲಿ ಪ್ರಯಾಣ ಉಚಿತ. ರಾಜಹಂಸ, ಸ್ಲೀಪರ್, ಎಸಿ ಬಸ್ಸುಗಳಿಗೆ ಇದು ಅನ್ವಯಿಸದು. ನಿರ್ವಾಹಕರು ಟಿಕೆಟ್ ಯಂತ್ರದಲ್ಲಿ ಹತ್ತುವ ಸ್ಟೇಜು, ಇಳಿಯುವ ಸ್ಟೇಜು ಒತ್ತಿ ಶೂನ್ಯ ಟಿಕೆಟ್ ಕೊಡುತ್ತಾರೆ. ಪ್ರಯಾಣಿಕರ ಕೈಯಲ್ಲಿ ಅದು ಶೂನ್ಯ, ಯಂತ್ರದ ಲೆಕ್ಕದಲ್ಲಿ ಮಾತ್ರ ಪೂರ್ತಿ ದರ. ಡ್ಯೂಟಿ ಮುಗಿದ ಮೇಲೆ ಯಂತ್ರದ ಮಾಹಿತಿ ಘಟಕಕ್ಕೆ ಇಳಿಯುತ್ತದೆ. ಘಟಕದಿಂದ ವಿಭಾಗಕ್ಕೆ, ವಿಭಾಗದಿಂದ ಕೇಂದ್ರ ಕಚೇರಿಗೆ, ಅಲ್ಲಿಂದ ಬೇಡಿಕೆಯಾಗಿ ಸರ್ಕಾರಕ್ಕೆ ಹೋಗುತ್ತದೆ.

ಬಜೆಟ್‌ನಲ್ಲಿ ಶಕ್ತಿಗೆ ಇಟ್ಟದ್ದು 2024-25ರಲ್ಲಿ 5,015 ಕೋಟಿ, 2025-26ರಲ್ಲಿ 5,300 ಕೋಟಿ ರೂ. ಇದು ನಾಲ್ಕೂ ನಿಗಮಗಳಿಗೆ ಸೇರಿ. ಈ ಮೊತ್ತದ ಒಂದು ಪಾಲು ಪರಿಶಿಷ್ಟ ಜಾತಿ ಉಪಯೋಜನೆ ಮತ್ತು ಬುಡಕಟ್ಟು ಉಪಯೋಜನೆಯ ಲೆಕ್ಕದಲ್ಲಿ ಬರುತ್ತದೆ. ಅದು ಸರಿಯೋ ತಪ್ಪೋ ಎಂಬ ವಾದ ಸದನದಲ್ಲೇ ನಡೆಯುತ್ತಲೇ ಇದೆ.

ಹಳ್ಳಿ ರೂಟಿನ ಒಂದು ಸುತ್ತಿನ ಲೆಕ್ಕ ನೋಡೋಣ. ಅಂಕಿಗಳು ಉದಾಹರಣೆಗೆ ಹಿಡಿದವು. ಹೋಗಿ ಬರಲು 60 ಕಿ.ಮೀ. ಸಂಬಳ, ಡೀಸೆಲ್, ಟೈರು, ರಿಪೇರಿ ಎಲ್ಲ ಸೇರಿ ಕಿ.ಮೀ.ಗೆ 60 ರೂ. ಎಂದರೆ ವೆಚ್ಚ 3,600. ಮಹಿಳೆಯರು 30, ಸರಾಸರಿ ಟಿಕೆಟ್ 40 ರೂ.ನಂತೆ ಶೂನ್ಯ ಟಿಕೆಟ್ ಮೌಲ್ಯ 1,200. ಗಂಡಸರು 20, ಅದೇ ದರದಲ್ಲಿ ನಗದು 800. ಒಟ್ಟು ಆದಾಯ 2,000. ಸರ್ಕಾರ 1,200 ರೂ.ಯನ್ನು ಪೈಸೆ ಬಿಡದೆ ಕೊಟ್ಟರೂ ಆ ಸುತ್ತಿನಲ್ಲಿ 1,600 ರೂ. ಕೊರತೆ ಉಳಿಯಿತು.

ಇದರಲ್ಲಿ ಇನ್ನೊಂದು ಕಷ್ಟವಿದೆ. ಬಸ್ಸು ಲೀಟರಿಗೆ 5 ಕಿ.ಮೀ. ಓಡಿದರೆ ಈ ಸುತ್ತಿಗೆ 12 ಲೀಟರ್ ಡೀಸೆಲ್ ಬೇಕು. ಲೀಟರಿಗೆ 90 ರೂ. ಹಿಡಿದರೆ 1,080. ಅಂದು ಸಂಜೆ ನಿರ್ವಾಹಕರು ಕಟ್ಟುವ ನಗದು 800. ಅಂದರೆ ಆ ದಿನದ ನಗದಿನಲ್ಲಿ ಡೀಸೆಲ್ಲಿನ ಬಿಲ್ಲೇ ತೀರುವುದಿಲ್ಲ. ಆದ್ದರಿಂದ ಶಕ್ತಿಯ ಹಣ ಎಷ್ಟು ಬಂತು ಎಂಬುದರಷ್ಟೇ ಯಾವ ತಿಂಗಳು ಬಂತು ಎಂಬುದೂ ಮುಖ್ಯ. ತಡವಾದಷ್ಟು ದಿನ ನಿಗಮವೇ ಸರ್ಕಾರಕ್ಕೆ ಕೈಸಾಲ ಕೊಟ್ಟಂತೆ.

ಹೇಗೂ ಉಚಿತ, ಶೂನ್ಯ ಟಿಕೆಟ್ ಯಾಕೆ ತಗೋಬೇಕು?

ಟಿಕೆಟ್ ಹರಿಯದಿದ್ದರೆ ನಿಮ್ಮ ಪ್ರಯಾಣ ಯಾವ ಲೆಕ್ಕಕ್ಕೂ ಸೇರುವುದಿಲ್ಲ, ಸರ್ಕಾರದಿಂದ ಹಣವೂ ಬರುವುದಿಲ್ಲ. ತನಿಖೆಯವರು ಹತ್ತಿದರೆ ನಿಮಗೆ ದಂಡ, ನಿರ್ವಾಹಕರಿಗೆ ಮೆಮೊ. ಅದಕ್ಕಿಂತ ದೊಡ್ಡ ಕಾರಣ ಬೇರೆಯೇ ಇದೆ. ರೂಟು ಉಳಿಸಬೇಕೋ ತೆಗೆಯಬೇಕೋ ಎಂದು ಘಟಕದಲ್ಲಿ ಕೂತು ನೋಡುವುದು ಈ ಯಂತ್ರದ ಹಾಳೆಯನ್ನೇ. ಹದಿನೈದು ಹೆಣ್ಣುಮಕ್ಕಳು ಟಿಕೆಟ್ ಇಲ್ಲದೆ ಓಡಾಡುವ ಊರಿನ ಬಸ್ಸು ಆ ಹಾಳೆಯಲ್ಲಿ ಖಾಲಿ ಬಸ್ಸು. ಹತ್ತಿರದ ಊರಿಗೆ ಹೋಗುವವರು ದೂರದ ಸ್ಟೇಜಿನ ಟಿಕೆಟ್ ಪಡೆಯುವುದೂ ತಪ್ಪು. ಆಡಿಟ್‌ನಲ್ಲಿ ಸಿಕ್ಕರೆ ಆಕ್ಷೇಪಣೆ ಬರುತ್ತದೆ.

ಲಗೇಜಿಗೆ ಶಕ್ತಿ ಇಲ್ಲ. 30 ಕೆ.ಜಿ.ವರೆಗೆ ಎಲ್ಲ ಪ್ರಯಾಣಿಕರಿಗೂ ಉಚಿತ. ಸಂತೆಯ ಮೂಟೆ ಅದಕ್ಕೂ ಮೇಲಾದರೆ ದರ ಕೊಡಬೇಕು.

ಸೊಸೆ ಮಿರಜ್ ಕಡೆಯವಳು, ಆಧಾರ್ ಇನ್ನೂ ಅಲ್ಲಿಯದೇ. ಅಥಣಿಯಲ್ಲಿ ಉಚಿತ ಪ್ರಯಾಣ ಸಿಗುತ್ತದೆಯೇ?

ಇಲ್ಲ. ಗುರುತಿನ ಚೀಟಿಯಲ್ಲಿ ಕರ್ನಾಟಕದ ವಿಳಾಸ ಇರಬೇಕು. ನಮ್ಮ ಗಡಿ ತಾಲ್ಲೂಕುಗಳಲ್ಲಿ ಅತಿ ಹೆಚ್ಚು ಜಗಳ ಆಗುವುದು ಇದರ ಮೇಲೆಯೇ. ಜತ್, ಗಡಹಿಂಗ್ಲಜ, ಸೊಲ್ಲಾಪುರದಿಂದ ಮದುವೆಯಾಗಿ ಬಂದವರು ವರ್ಷಗಟ್ಟಲೆ ವಿಳಾಸ ಬದಲಿಸಿರುವುದಿಲ್ಲ. ಆಧಾರ್ ಕೇಂದ್ರದಲ್ಲಿ ಕುಟುಂಬದ ಮುಖ್ಯಸ್ಥರ ಆಧಾರ್ ಆಧಾರದ ಮೇಲೆ ವಿಳಾಸ ಬದಲಿಸಿಕೊಳ್ಳಬಹುದು. ಸಂಬಂಧ ತೋರಿಸುವ ದಾಖಲೆ ಬೇಕು. ನಿರ್ವಾಹಕರ ಮೇಲೆ ರೇಗಿ ಫಲವಿಲ್ಲ. ಹೊರರಾಜ್ಯದ ವಿಳಾಸಕ್ಕೆ ಶೂನ್ಯ ಟಿಕೆಟ್ ಕೊಟ್ಟರೆ ಉತ್ತರ ಕೊಡಬೇಕಾದವರು ಅವರೇ.

ಬೆಳಗಾವಿಯಿಂದ ಕೊಲ್ಹಾಪುರಕ್ಕೆ, ವಿಜಯಪುರದಿಂದ ಸೊಲ್ಲಾಪುರಕ್ಕೆ?

ಅಂತರರಾಜ್ಯ ಸೇವೆಗೆ ಶಕ್ತಿ ಅನ್ವಯಿಸುವುದಿಲ್ಲ. ಮಹಾರಾಷ್ಟ್ರದ ಎಸ್‌ಟಿ ಬಸ್ಸುಗಳಲ್ಲಿ 2023ರ ಮಾರ್ಚ್‌ನಿಂದ ಮಹಿಳೆಯರಿಗೆ ಅರ್ಧ ಟಿಕೆಟ್ ಇದೆ. ಅದು ಅವರ ಸರ್ಕಾರದ ಹಣ, ಅವರ ಗಡಿಯೊಳಗೆ. ನಿಪ್ಪಾಣಿ ಅಥವಾ ಕಾಗವಾಡಕ್ಕಷ್ಟೇ ಹೋಗುವವರು ಅಲ್ಲಿಗೇ ಮುಗಿಯುವ ನಮ್ಮ ಬಸ್ಸು ಹತ್ತುವುದು ಲೇಸು.

ಬಜೆಟ್‌ನಲ್ಲಿ ಘೋಷಣೆ ಆಯಿತು, ಬಸ್ಸು ಎಲ್ಲಿ?

ಮಾರ್ಚಿನ ಬಜೆಟ್ ಭಾಷಣ ಮೊದಲ ಮೆಟ್ಟಿಲು ಮಾತ್ರ. ಅದರ ನಂತರ ಸದನದ ಅನುಮೋದನೆ, ಸಾರಿಗೆ ಇಲಾಖೆಯ ಪ್ರಸ್ತಾವ, ಆರ್ಥಿಕ ಇಲಾಖೆಯ ಒಪ್ಪಿಗೆ, ಸರ್ಕಾರಿ ಆದೇಶ, ಕಂತಿನಲ್ಲಿ ಬಿಡುಗಡೆ. ಆಮೇಲೆ ಟೆಂಡರ್, ಚಾಸಿ, ಬಾಡಿ ಕಟ್ಟುವುದು, ಆರ್‌ಟಿಒ ನೋಂದಣಿ. ಎಲ್ಲ ಸುಸೂತ್ರವಾಗಿ ನಡೆದರೂ ಬಸ್ಸು ರಸ್ತೆಗಿಳಿಯುವಾಗ ಮುಂದಿನ ಬಜೆಟ್ ಹತ್ತಿರ ಬಂದಿರುತ್ತದೆ.

ಬಂದ ಬಸ್ಸೆಲ್ಲ ಹೆಚ್ಚುವರಿ ಎಂದೂ ತಿಳಿಯಬೇಡಿ. ಕೇಂದ್ರದ ನಿಯಮದಂತೆ 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ಮುಂದುವರಿಯುವುದಿಲ್ಲ, ಸಾರಿಗೆ ಸಂಸ್ಥೆಯ ಬಸ್ಸುಗಳಿಗೂ ಇದೇ ನಿಯಮ. ಘಟಕಕ್ಕೆ 10 ಹೊಸ ಬಸ್ಸು ಬಂದು 12 ಹಳೆಯವು ಗುಜರಿಗೆ ಹೋದರೆ ಫೋಟೋದಲ್ಲಿ ಹಾರ ಹಾಕಿದ ಬಸ್ಸು ಕಾಣುತ್ತದೆ, ರಾತ್ರಿ ನಿಮ್ಮೂರಲ್ಲೇ ತಂಗುವ ವಸ್ತಿ ಬಸ್ಸು ಕಾಣೆಯಾಗುತ್ತದೆ. ಕೇಳಬೇಕಾದ ಪ್ರಶ್ನೆ ಎಷ್ಟು ಬಂದವು ಎಂಬುದಲ್ಲ. ಬಂದದ್ದರಲ್ಲಿ ಹೋದದ್ದನ್ನು ಕಳೆದರೆ ಎಷ್ಟು, ಓಡಿಸಲು ಚಾಲಕರು ಇದ್ದಾರೆಯೇ ಎಂಬುದು.

ಬಜೆಟ್ ಪುಸ್ತಕದಲ್ಲಿ ಎಲ್ಲಿ ನೋಡಬೇಕು?

ಆರ್ಥಿಕ ಇಲಾಖೆಯ ಜಾಲತಾಣದಲ್ಲಿ ಅನುದಾನದ ಬೇಡಿಕೆಗಳ ಸಂಪುಟಗಳಿವೆ. ಮೂರು ಲೆಕ್ಕ ಶೀರ್ಷಿಕೆಗಳನ್ನು ನೆನಪಿಡಿ: 3055 ಎಂದರೆ ರಸ್ತೆ ಸಾರಿಗೆಯ ರಾಜಸ್ವ ವೆಚ್ಚ, ಅಂದರೆ ಸಹಾಯಧನ ಮತ್ತು ಮರುಪಾವತಿ. 5055 ಬಂಡವಾಳ ವೆಚ್ಚ. 7055 ಸಾಲ. ಘೋಷಣೆಯೊಂದು 7055ರಲ್ಲಿ ಕಂಡರೆ ಅದು ನಿಗಮ ತೀರಿಸಬೇಕಾದ ಸಾಲ, ದಾನವಲ್ಲ.

ಪ್ರತಿ ಸಾಲಿನಲ್ಲೂ ಹಿಂದಿನ ವರ್ಷದ ನೈಜ ವೆಚ್ಚ, ನಡೆಯುತ್ತಿರುವ ವರ್ಷದ ಬಜೆಟ್ ಅಂದಾಜು ಮತ್ತು ಪರಿಷ್ಕೃತ ಅಂದಾಜು, ಬರುವ ವರ್ಷದ ಅಂದಾಜು ಎಂದು ಅಂಕಣಗಳಿರುತ್ತವೆ. ಸುದ್ದಿಯಾಗುವುದು ಕೊನೆಯ ಅಂಕಣ, ನಂಬಬೇಕಾದದ್ದು ಮೊದಲನೆಯದು. ನಡುವೆ ಹಣ ಸಾಲದಿದ್ದರೆ ಪೂರಕ ಅಂದಾಜು ತರುತ್ತಾರೆ. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆಯುವಾಗ ಪೂರಕ ಅಂದಾಜಿನ ಪುಸ್ತಕ ಮಂಡನೆಯಾದರೆ, ಅದರಲ್ಲಿ 3055 ಇದೆಯೇ ನೋಡಿ.

ಇಷ್ಟು ಹಣ ಬಂದರೂ ನಿಗಮ ಸಾಲ ಮಾಡಿದ್ದೇಕೆ?

2025ರ ಜನವರಿ ಹೊತ್ತಿಗೆ ನಾಲ್ಕು ನಿಗಮಗಳೂ ಸೇರಿ 2,000 ಕೋಟಿ ರೂ. ಸಾಲ ಪಡೆಯಲು ಸರ್ಕಾರ ಖಾತರಿ ನೀಡಿತು. ಭವಿಷ್ಯ ನಿಧಿ ಬಾಕಿ ಮತ್ತು ಇಂಧನದ ಬಾಕಿ ತೀರಿಸುವುದು ಉದ್ದೇಶ. ಇದರಲ್ಲಿ ವಾಯವ್ಯ ಸಾರಿಗೆಯ ಪಾಲೇ ಎಲ್ಲಕ್ಕಿಂತ ದೊಡ್ಡದು, 646 ಕೋಟಿ; ಕಲ್ಯಾಣ ಕರ್ನಾಟಕ ಸಾರಿಗೆಯದು 141 ಕೋಟಿ. ಬೆಳಗಾವಿ, ಬಾಗಲಕೋಟೆಯ ಘಟಕಗಳಲ್ಲಿ ಬಿಡಿಭಾಗಕ್ಕೂ ನೇಮಕಾತಿಗೂ ಕೈ ಬಿಗಿ ಯಾಕೆ ಎಂದು ಕೇಳುವವರಿಗೆ ಅರ್ಧ ಉತ್ತರ ಈ ಎರಡು ಅಂಕಿಗಳಲ್ಲೇ ಇದೆ.

ನೌಕರರ 38 ತಿಂಗಳ ವೇತನ ಹಿಂಬಾಕಿಯ ಬೇಡಿಕೆ ಬೇರೆಯೇ ಇದೆ. 2025ರ ಆಗಸ್ಟ್ 5ರ ಮುಷ್ಕರದಲ್ಲಿ ಬಸ್ಸು ನಿಂತದ್ದು ಅದಕ್ಕೇ.

ಸರ್ಕಾರ ಹಣ ಕೊಡುವಾಗ ಟಿಕೆಟ್ ದರ ಏರಿಸಿದ್ದು ಯಾಕೆ?

2025ರ ಜನವರಿ 5ರಿಂದ ಶೇ. 15 ಏರಿತು. ನಮ್ಮ ಭಾಗದ ನಿಗಮಗಳಲ್ಲಿ ಅದಕ್ಕೆ ಹಿಂದಿನ ಏರಿಕೆ ಆದದ್ದು 2020ರಲ್ಲಿ. ದರ ಏರಿದಾಗ ಶೂನ್ಯ ಟಿಕೆಟ್‌ನ ಮೌಲ್ಯವೂ ಏರುತ್ತದೆ, ಅಂದರೆ ಸರ್ಕಾರದ ಬಿಲ್ಲೂ ಬೆಳೆಯುತ್ತದೆ. ಏರಿಕೆಗೆ ಒಪ್ಪಿಗೆ ಸಿಗಲು ತಡವಾಗುವುದರಲ್ಲಿ ಇದಕ್ಕೂ ಪಾಲಿದೆ ಎಂದು ಊಹಿಸಲು ದೊಡ್ಡ ಜಾಣತನ ಬೇಕಿಲ್ಲ. ಇನ್ನೊಂದು ತಮಾಷೆ: ಡೀಸೆಲ್ ಮೇಲಿನ ರಾಜ್ಯದ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ ಶೇ. 18.44ಕ್ಕೆ, 2025ರ ಏಪ್ರಿಲ್‌ನಲ್ಲಿ ಶೇ. 21.17ಕ್ಕೆ ಏರಿತು. ಬಲಗೈಯಲ್ಲಿ ಕೊಟ್ಟದ್ದರಲ್ಲಿ ಸ್ವಲ್ಪ ಎಡಗೈಗೆ ಮರಳುತ್ತದೆ.

ಎಲೆಕ್ಟ್ರಿಕ್ ಬಸ್ಸುಗಳ ಹಣ ಯಾರದು?

2023ರ ಆಗಸ್ಟ್‌ನಲ್ಲಿ ಕೇಂದ್ರ ಒಪ್ಪಿದ ಪಿಎಂ ಇ-ಬಸ್ ಸೇವಾ ಯೋಜನೆ 2011ರ ಜನಗಣತಿಯಂತೆ 3 ಲಕ್ಷದಿಂದ 40 ಲಕ್ಷ ಜನಸಂಖ್ಯೆಯ ನಗರಗಳಿಗೆ. ಬೆಳಗಾವಿ, ವಿಜಯಪುರ ಈ ಗೆರೆ ದಾಟಿವೆ, ಬಾಗಲಕೋಟೆ ದಾಟಿಲ್ಲ. ಬಸ್ಸು ಖಾಸಗಿ ಗುತ್ತಿಗೆದಾರರದ್ದು, ಓಡಿದ ಕಿ.ಮೀ.ಗೆ ಇಷ್ಟು ಎಂದು ಅವರಿಗೆ ಪಾವತಿ. ಅದರಲ್ಲಿ ಕೇಂದ್ರದ ಪಾಲು 12 ಮೀಟರ್ ಬಸ್ಸಿಗೆ 24, 9 ಮೀಟರಿಗೆ 22, 7 ಮೀಟರಿಗೆ 20 ರೂ. ಉಳಿದದ್ದು ಟಿಕೆಟ್ ಹಣದಿಂದ ಇಲ್ಲವೇ ರಾಜ್ಯದಿಂದ ಬರಬೇಕು. ಗುತ್ತಿಗೆದಾರರ ಹಣ ಬಾಕಿ ಬಿದ್ದರೆ ರಾಜ್ಯದ ಖಾತೆಯಿಂದಲೇ ಕಡಿತ ಮಾಡುವ ಭದ್ರತಾ ವ್ಯವಸ್ಥೆಗೂ ಒಪ್ಪಬೇಕು. ‘ಕೇಂದ್ರ ಪುಕ್ಕಟೆ ಬಸ್ಸು ಕೊಟ್ಟಿತು’ ಎನ್ನುವುದೂ ಸರಿಯಲ್ಲ, ‘ರಾಜ್ಯ ಕೊಂಡಿತು’ ಎನ್ನುವುದೂ ಸರಿಯಲ್ಲ.

ಬಸ್ ತಂಗುದಾಣ ಕಟ್ಟಿಸಬೇಕಾದವರು ಯಾರು?

ನಿಲ್ದಾಣ ನಿಗಮದ ಕೆಲಸ. ರಸ್ತೆ ಬದಿಯ ತಂಗುದಾಣವನ್ನು ಗ್ರಾಮ ಪಂಚಾಯಿತಿ, ಪುರಸಭೆ ಅಥವಾ ಶಾಸಕರ, ಸಂಸದರ ನಿಧಿಯಿಂದ ಕಟ್ಟುತ್ತಾರೆ. ಶಾಸಕರ ನಿಧಿ ವರ್ಷಕ್ಕೆ 2 ಕೋಟಿ. ಬೆಳಗಾವಿ 2016ರ ಮೊದಲ ಪಟ್ಟಿಯಲ್ಲೇ ಸ್ಮಾರ್ಟ್ ಸಿಟಿಯಾದ್ದರಿಂದ ನಗರದೊಳಗಿನ ಕಾಮಗಾರಿಗೆ ಕೇಂದ್ರ, ರಾಜ್ಯ ಸಮಪಾಲಿನ ಹಣ ಬಂತು. ಪಟ್ಟಣದವರು ಆಸ್ತಿ ತೆರಿಗೆ ಚಲನ್ ತೆಗೆದು ನೋಡಿ. ಆರೋಗ್ಯ, ಗ್ರಂಥಾಲಯ ಕರಗಳ ಜೊತೆ ನಗರ ಸಾರಿಗೆ ಉಪಕರ ಎಂದು ಒಂದು ಸಾಲಿರುತ್ತದೆ, ಶೇ. 2. ನೀವೂ ಕೊಡುತ್ತಿದ್ದೀರಿ.

ನಮ್ಮೂರಿಗೆ ಬೆಳಿಗ್ಗೆ ಒಂದು ಬಸ್ಸು ಬೇಕು. ಏನು ಮಾಡಬೇಕು?

‘ಬಸ್ ಬಿಡಿ’ ಎಂಬ ಒಂದು ಸಾಲಿನ ಮನವಿ ಕಡತದಲ್ಲಿ ಮಲಗುತ್ತದೆ. ಘಟಕ ವ್ಯವಸ್ಥಾಪಕರು ಹೊಸ ಟ್ರಿಪ್ಪಿಗೆ ಟಿಪ್ಪಣಿ ಬರೆಯಲು ಬೇಕಾದ ಮಾಹಿತಿಯನ್ನು ನೀವೇ ಕೊಟ್ಟರೆ ಕೆಲಸ ಮುಂದೆ ಹೋಗುತ್ತದೆ.

ಮೊದಲು ತಲೆ ಎಣಿಕೆ. ಒಂದು ವಾರ, ಬೆಳಿಗ್ಗೆ 7ರಿಂದ 10ರವರೆಗೆ ಎಷ್ಟು ಜನ, ಎಲ್ಲಿಗೆ, ಯಾವುದರಲ್ಲಿ ಹೋಗುತ್ತಾರೆ ಎಂದು ಬರೆಯಿರಿ. ಟಂಟಂನಲ್ಲಿ ಹೋಗುವವರನ್ನು ಬಿಡಬೇಡಿ, ನಾಳೆ ಬಸ್ಸು ಹತ್ತುವವರು ಅವರೇ. ಸಂತೆಯ ದಿನವನ್ನು ಬೇರೆ ತೋರಿಸಿ. ಎಲ್ಲ ದಿನಕ್ಕೂ ಸಂತೆಯ ಅಂಕಿ ಹಾಕಿದರೆ ಪರಿಶೀಲನೆಗೆ ಬಂದವರಿಗೆ ಮೊದಲ ನೋಟಕ್ಕೇ ಗೊತ್ತಾಗುತ್ತದೆ.

ಶಾಲೆ ಕಾಲೇಜುಗಳಿಂದ ನಿಮ್ಮೂರಿನ ವಿದ್ಯಾರ್ಥಿಗಳ ಸಂಖ್ಯೆ ಮತ್ತು ತರಗತಿ ಶುರುವಾಗುವ ಹೊತ್ತಿನ ಪತ್ರ ತನ್ನಿ. ಪಂಚಾಯಿತಿ ಠರಾವು ಮಾಡಿಸಿ. ರಸ್ತೆಯ ವಿವರ ಬರೆಯಿರಿ: ಕಿರಿದಾದ ಜಾಗದಲ್ಲಿ ಅಗಲ ಎಷ್ಟು, ಸಿಡಿ (ಕಿರುಸೇತುವೆ) ಗಟ್ಟಿ ಇದೆಯೇ, ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಟ್ರೇಲರ್‌ಗಳಿಂದ ದಾರಿ ಕಟ್ಟುತ್ತದೆಯೇ, ಊರಿನಲ್ಲಿ ಬಸ್ಸು ತಿರುಗಿಸಲು ಜಾಗ ಎಲ್ಲಿದೆ. ಬಸ್ಸು ತಿರುಗಿಸಲು ಜಾಗವಿಲ್ಲ ಎಂಬ ಒಂದೇ ಕಾರಣಕ್ಕೆ ಬಿದ್ದುಹೋಗುವ ಮನವಿಗಳಿವೆ. ಗುಡಿಯ ಮುಂದಿನ ಬಯಲನ್ನೋ ಶಾಲೆಯ ಪಕ್ಕದ ಜಾಗವನ್ನೋ ಪಂಚಾಯಿತಿ ಠರಾವಿನಲ್ಲೇ ಬಿಟ್ಟುಕೊಟ್ಟರೆ ಆ ತಕರಾರು ತೀರುತ್ತದೆ.

ಹೊಸ ಬಸ್ಸು ಕೇಳುವುದಕ್ಕಿಂತ ಇರುವ ಬಸ್ಸನ್ನೇ ನಮ್ಮೂರಿನವರೆಗೆ ಬಿಡಿ ಎಂದು ಕೇಳುವುದು ಜಾಣತನ. ಪಕ್ಕದ ಊರಿನವರೆಗೆ ಬಂದು ಅರ್ಧ ತಾಸು ನಿಲ್ಲುವ ಬಸ್ಸು ಇದ್ದರೆ 4 ಕಿ.ಮೀ. ಮುಂದುವರಿಸಲು ಹೊಸ ಚಾಲಕರೂ ಬೇಡ, ಹೊಸ ಗಾಡಿಯೂ ಬೇಡ. ಬೆಳಿಗ್ಗೆ ಘಟಕದಿಂದ ಖಾಲಿ ಬರಬೇಕಾದ ಟ್ರಿಪ್ಪಿಗಿಂತ ರಾತ್ರಿ ಊರಲ್ಲೇ ನಿಲ್ಲುವ ವಸ್ತಿ ಬಸ್ಸು ಅಗ್ಗ. ಆದರೆ ಸಿಬ್ಬಂದಿಗೆ ಮಲಗಲು ಬೀಗ ಇರುವ ಕೋಣೆ, ನೀರು, ಶೌಚಾಲಯ ಬೇಕು. ಇವಿಲ್ಲದ ಊರಿನ ವಸ್ತಿ ಬಸ್ಸು ಕೆಲವೇ ತಿಂಗಳಲ್ಲಿ ನಿಲ್ಲುತ್ತದೆ, ತಪ್ಪು ಸಿಬ್ಬಂದಿಯದಲ್ಲ.

ಮನವಿ ಘಟಕ ವ್ಯವಸ್ಥಾಪಕರಿಗೆ, ಒಂದು ಪ್ರತಿ ವಿಭಾಗೀಯ ನಿಯಂತ್ರಣಾಧಿಕಾರಿಗೆ, ಇನ್ನೊಂದು ಶಾಸಕರಿಗೆ. ಟಪಾಲಿನಲ್ಲಿ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಬರಬೇಡಿ. ಬಸ್ಸು ಪ್ರಾಯೋಗಿಕವಾಗಿ ಶುರುವಾದರೆ ಮೊದಲ ತಿಂಗಳು ಎಲ್ಲರೂ ಟಿಕೆಟ್ ಹರಿಸಿಕೊಳ್ಳಿ.

ಪಾಸುಗಳ ಬಗ್ಗೆ ಚುಟುಕಾಗಿ ಹೇಳಿ.

ವಿದ್ಯಾರ್ಥಿ ಪಾಸಿಗೆ ಸೇವಾ ಸಿಂಧುವಿನಲ್ಲಿ ಅರ್ಜಿ. ಹೆಸರು ಶಾಲೆಯ ದಾಖಲೆಯಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ ಇದ್ದರೆ ಅಲ್ಲೇ ನಿಲ್ಲುತ್ತದೆ. ಅಂಗವಿಕಲರಿಗೆ 100 ಕಿ.ಮೀ. ವ್ಯಾಪ್ತಿಯ ವಾರ್ಷಿಕ ಪಾಸು 660 ರೂ. 60 ದಾಟಿದವರಿಗೆ ಟಿಕೆಟ್‌ನಲ್ಲಿ ಶೇ. 25 ರಿಯಾಯಿತಿ, ವಯಸ್ಸಿನ ದಾಖಲೆ ತೋರಿಸಬೇಕು.

ರೈಲಿಗೂ ರಾಜ್ಯದ ಹಣ ಹೋಗುತ್ತದೆಯೇ?

ಹೋಗುತ್ತದೆ. 142 ಕಿ.ಮೀ.ನ ಬಾಗಲಕೋಟೆ–ಕುಡಚಿ ಮಾರ್ಗ ಮತ್ತು ಸುಮಾರು 73 ಕಿ.ಮೀ.ನ ಧಾರವಾಡ–ಕಿತ್ತೂರು–ಬೆಳಗಾವಿ ಮಾರ್ಗ, ಎರಡರಲ್ಲೂ ವೆಚ್ಚದ ಅರ್ಧ ರಾಜ್ಯದ್ದು, ಜಮೀನು ಪೂರ್ತಿ ರಾಜ್ಯದ್ದು. ತಡವಾಗಿದೆ ಎಂದರೆ ಹೆಚ್ಚಾಗಿ ಭೂಸ್ವಾಧೀನದಲ್ಲಿ ಸಿಕ್ಕಿಕೊಂಡಿದೆ ಎಂದೇ ಅರ್ಥ. ಆ ಪ್ರಶ್ನೆಯನ್ನು ರೈಲ್ವೆಗಿಂತ ಮೊದಲು ಜಿಲ್ಲಾಡಳಿತಕ್ಕೆ ಕೇಳಿ.

ನಮ್ಮ ಘಟಕಕ್ಕೆ ಬಂದ ಹಣದ ಲೆಕ್ಕ ಪಡೆಯಬಹುದೇ?

ಮಾಹಿತಿ ಹಕ್ಕಿನಲ್ಲಿ ಪಡೆಯಬಹುದು. ಶುಲ್ಕ 10 ರೂ., ಪೋಸ್ಟಲ್ ಆರ್ಡರ್ ಆಗುತ್ತದೆ. ಬಿಪಿಎಲ್‌ನವರಿಗೆ ಶುಲ್ಕ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ‘ಶಕ್ತಿ ಯೋಜನೆಯ ಸಂಪೂರ್ಣ ಮಾಹಿತಿ ಕೊಡಿ’ ಎಂದು ಬರೆದರೆ ತಿರಸ್ಕಾರ ಖಚಿತ. ಹೀಗೆ ಕೇಳಿ: ಇಂಥ ಘಟಕದಲ್ಲಿ ಇಂಥ ತಿಂಗಳಿನಿಂದ ಇಂಥ ತಿಂಗಳವರೆಗೆ ತಿಂಗಳುವಾರು ವಿತರಿಸಿದ ಶೂನ್ಯ ಟಿಕೆಟ್‌ಗಳ ಸಂಖ್ಯೆ ಮತ್ತು ಮೌಲ್ಯ, ಅದೇ ಅವಧಿಯಲ್ಲಿ ರದ್ದಾದ ಟ್ರಿಪ್ಪುಗಳ ಸಂಖ್ಯೆ, ಕಾರಣವಾರು. ಇದು ವಿಭಾಗೀಯ ಕಚೇರಿಯಲ್ಲೇ ಸಿಗುವ ಮಾಹಿತಿ. ಸರ್ಕಾರದಿಂದ ಬಿಡುಗಡೆಯಾದ ಹಣದ ವಿವರಕ್ಕೆ ಮಾತ್ರ ನಿಗಮದ ಕೇಂದ್ರ ಕಚೇರಿಗೆ ಪ್ರತ್ಯೇಕ ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಲ್ಲಿಂದ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಪ್ರತಿ ಪುಟಕ್ಕೆ 2 ರೂ.